ನಿಲ್ಲಿಸುವಾಗ ಏನನ್ನು ನಿಲ್ಲಿಸುತ್ತಿದ್ದೇವೆ?

ಔಷಧ ಸಂಶೋಧನೆಯಲ್ಲಿ ಟೀಮ್ ನಡೆಸುವವರ ಮುಖ್ಯ ಕೆಲಸ ಏನು ಅಂತ ಹೊಸದಾಗಿ ಸೇರಿದವರು ಕೇಳುತ್ತಿರುತ್ತಾರೆ. ಹೊಸ ಐಡಿಯಾ ಕೊಡುವುದು ಅಂತ ಅವರ ಲೆಕ್ಕ. ಐಡಿಯಾಗಳಿಗೆ ನಮ್ಮ ಲ್ಯಾಬ್‌ನಲ್ಲಿ ಬರ ಇಲ್ಲ. ಕಷ್ಟ ಇರುವುದು ನಿಲ್ಲಿಸುವುದರಲ್ಲಿ. ಅದಕ್ಕಿಂತ ಕಷ್ಟ, ಏನನ್ನು ನಿಲ್ಲಿಸುತ್ತಿದ್ದೇವೆ ಅಂತ ಸರಿಯಾಗಿ ಹೇಳುವುದು. ಈ ಒಂದು ಕಾಂಪೌಂಡನ್ನಾ, ಅದೇ ಥರದ ಅಣುಗಳ ಇಡೀ ಸೀರೀಸನ್ನಾ, ಅಥವಾ ಟಾರ್ಗೆಟ್ಟನ್ನೇನಾ?

ನಾನು ಬೆಂಗಳೂರಿನಲ್ಲಿ ಮೆಡಿಸಿನಲ್ ಕೆಮಿಸ್ಟ್. ಎಂ.ಎಸ್ಸಿ. ಮುಗಿಸಿ ಫ್ಯೂಮ್ ಹುಡ್ ಮುಂದೆ ಕೆಲಸ ಶುರು ಮಾಡಿದವಳು, ಈಗ ಕೆಮಿಸ್ಟ್‌ಗಳ ಟೀಮ್ ನೋಡಿಕೊಳ್ಳುತ್ತೇನೆ. ರೋಗಕ್ಕೆ ಕಾರಣ ಅಂತ ನಂಬಿರುವ ಒಂದು ಪ್ರೋಟೀನ್ ಇರುತ್ತದೆ, ಅದೇ ಟಾರ್ಗೆಟ್. ಅದಕ್ಕೆ ಅಂಟಿಕೊಂಡು ಅದರ ಕೆಲಸ ತಡೆಯುವ ಅಣುವನ್ನು ನಾವು ಮಾಡಬೇಕು. ಬರೀ ಅಂಟಿಕೊಂಡರೆ ಸಾಲದು. ಕರಗಬೇಕು, ಕರುಳಿನಿಂದ ರಕ್ತಕ್ಕೆ ಹೋಗಬೇಕು, ಲಿವರ್ ಅದನ್ನು ಬೇಗ ಒಡೆದುಹಾಕಬಾರದು, ಹೃದಯಕ್ಕೆ ತೊಂದರೆ ಕೊಡಬಾರದು.

ಒಂದು ಕ್ಯಾನ್ಸರ್ ಪ್ರಾಜೆಕ್ಟ್‌ನಲ್ಲಿ ಈ ಕೊನೆಯದೇ ಎದುರಾಯಿತು. ಟೀಮಿನ ಒಬ್ಬ ಹುಡುಗ ತುಂಬ ಕಷ್ಟಪಟ್ಟು ಒಂದು ಕಾಂಪೌಂಡ್ ಮಾಡಿದ್ದ. ಕೊನೆಯ ಸ್ಟೆಪ್‌ನಲ್ಲಿ ಟಿಎಲ್‌ಸಿ ಪ್ಲೇಟ್ (ಮಿಶ್ರಣದಲ್ಲಿ ಏನೇನಿದೆ ಅಂತ ನೋಡುವ ಪ್ಲೇಟ್) ಮೇಲೆ ಎರಡು ಸ್ಪಾಟ್ ಅಂಟಿಕೊಂಡೇ ಇರುತ್ತಿದ್ದವು, ಶುದ್ಧ ಮಾಡುವ ಕಾಲಂನಲ್ಲೂ ಬೇರೆಯಾಗುತ್ತಿರಲಿಲ್ಲ. ಅಂತೂ ಶುದ್ಧ ಮಾಡಿ ಕೊಟ್ಟ. ಟಾರ್ಗೆಟ್ ಎಷ್ಟು ಮದ್ದಿಗೆ ನಿಲ್ಲುತ್ತದೆ ಅಂತ ನೋಡುವ ಎನ್‌ಜೈಮ್ ಅಸ್ಸೇಯಲ್ಲಿ ಕೆಲವೇ ನ್ಯಾನೊಮೋಲಾರ್, ಅಂದರೆ ತೀರಾ ಸ್ವಲ್ಪವೇ ಸಾಕು! ಎಲ್ಲರಿಗೂ ಖುಷಿ. ಆಮೇಲೆ ಹರ್ಗ್ ರಿಪೋರ್ಟ್ ಬಂತು. ಹರ್ಗ್ ಅಂದರೆ ಹೃದಯದ ಬಡಿತದ ಲಯ ಕಾಯುವ ಪೊಟ್ಯಾಸಿಯಂ ಚಾನೆಲ್. ನಮ್ಮ ಕಾಂಪೌಂಡ್ ಅದನ್ನೂ ಜೋರಾಗಿಯೇ ತಡೆಯುತ್ತಿತ್ತು. "ಸೀರೀಸ್ ಬಿಟ್ಟುಬಿಡೋಣ ಮೇಡಂ," ಅಂದರು ಮೀಟಿಂಗ್‌ನಲ್ಲಿ.

ನಾನು ಬೋರ್ಡ್ ಮೇಲೆ ಎರಡು ಅಣು ಬರೆದೆ. ಒಂದು ಟರ್ಫೆನಡಿನ್. 1990ರ ದಶಕದ ಕೊನೆಯಲ್ಲಿ ಇದೇ ಹರ್ಗ್ ಕಾರಣಕ್ಕೆ ಅಮೆರಿಕದ ಮಾರುಕಟ್ಟೆಯಿಂದ ಹೊರಬಿದ್ದ ಅಲರ್ಜಿ ಮಾತ್ರೆ. ಲಿವರ್ ಅದನ್ನು ಬೇಗ ಬದಲಾಯಿಸುತ್ತಿದ್ದರಿಂದ ಹೆಚ್ಚಿನವರಿಗೆ ತೊಂದರೆ ಆಗಲಿಲ್ಲ. ಜೊತೆಗೆ ಫಂಗಸ್ ಮದ್ದು ಕೀಟೊಕೊನಜೋಲ್, ಆಂಟಿಬಯಾಟಿಕ್ ಎರಿಥ್ರೊಮೈಸಿನ್ ಥರದ್ದು ತೆಗೆದುಕೊಂಡರೆ ಆ ಲಿವರ್ ಕಿಣ್ವ ಮಂದವಾಗಿ, ಮಾತ್ರೆ ಇದ್ದ ಹಾಗೇ ರಕ್ತದಲ್ಲಿ ಉಳಿಯುತ್ತಿತ್ತು. ಬಡಿತದ ಲಯ ತಪ್ಪಿ ಪ್ರಾಣಕ್ಕೇ ಬರಬಹುದಿತ್ತು. ಎರಡನೆಯದು ಲಿವರ್ ಬದಲಾಯಿಸಿದ ರೂಪ, ಫೆಕ್ಸೊಫೆನಡಿನ್. ಇವತ್ತು ಮೆಡಿಕಲ್ ಶಾಪ್‌ನಲ್ಲಿ ಅಲ್ಲೆಗ್ರಾ ಅಂತ ಸಿಗುತ್ತದಲ್ಲ, ಅದೇ. ಒಂದು ಮೀಥೈಲ್ ಇದ್ದ ಜಾಗದಲ್ಲಿ ಒಂದು ಕಾರ್ಬಾಕ್ಸಿಲಿಕ್ ಆಸಿಡ್. ಅಷ್ಟೇ ವ್ಯತ್ಯಾಸ, ಹೃದಯದ ತೊಂದರೆ ಹೋಯಿತು.

ನಮ್ಮ ಅಣುವಿಗೆ ಆಸಿಡ್ ಹಾಕುವ ಹಾಗಿರಲಿಲ್ಲ, ಹಾಕಿದರೆ ಅದು ಜೀವಕೋಶದ ಒಳಗೇ ಹೋಗುತ್ತಿರಲಿಲ್ಲ. ಆದರೆ ಹರ್ಗ್‌ಗೆ ಇಷ್ಟ ಯಾವುದು ಅಂತ ಕೆಮಿಸ್ಟ್‌ಗಳಿಗೆ ಗೊತ್ತು: ಪಾಸಿಟಿವ್ ಚಾರ್ಜ್ ಹೊತ್ತ ನೈಟ್ರೋಜನ್, ಜೊತೆಗೆ ಜಿಡ್ಡಿನ ಗುಣದ ಬೆಂಜೀನ್ ರಿಂಗ್‌ಗಳು. ಕಾಂಪೌಂಡ್ ಮಾಡಿದ ಹುಡುಗನೇ ಎದ್ದು ಬಂದು ಆ ನೈಟ್ರೋಜನ್ ಇರುವ ಪಿಪರಿಡಿನ್ ರಿಂಗ್‌ನಲ್ಲಿ, ನೈಟ್ರೋಜನ್‌ನಿಂದ ಒಂದು ಕಾರ್ಬನ್ ಬಿಟ್ಟು ಮುಂದಿನ ಕಾರ್ಬನ್ ಮೇಲೆ ಒಂದು ಫ್ಲೋರಿನ್ ಬರೆದ. ಫ್ಲೋರಿನ್ ಎಲೆಕ್ಟ್ರಾನ್‌ಗಳನ್ನು ತನ್ನ ಕಡೆ ಎಳೆದುಕೊಳ್ಳುತ್ತದೆ, ನೈಟ್ರೋಜನ್ ಪ್ರೋಟಾನ್ ಹಿಡಿಯುವುದು ಕಮ್ಮಿಯಾಗುತ್ತದೆ, ಅಂದರೆ ಪಾಸಿಟಿವ್ ಚಾರ್ಜೂ ಕಮ್ಮಿ. ಇನ್ನೊಬ್ಬರು ಬೆಂಜೀನ್ ರಿಂಗ್ ಬದಲು ಜಿಡ್ಡಿನ ಗುಣ ಕಮ್ಮಿ ಇರುವ ಪಿರಿಡಿನ್ ರಿಂಗ್ ಇಡೋಣ ಅಂದರು. ಎರಡೂ ಬದಲಾವಣೆ ಸೇರಿದ ಕಾಂಪೌಂಡ್‌ನಲ್ಲಿ ಹರ್ಗ್ ಸಮಸ್ಯೆ ಸಾಕಷ್ಟು ದೂರ ಸರಿಯಿತು. ಟಾರ್ಗೆಟ್ ಮೇಲಿನ ಹಿಡಿತ ಸ್ವಲ್ಪ ಕಳೆದುಕೊಂಡೆವು. ಪರವಾಗಿಲ್ಲ ಅನ್ನುವಷ್ಟೇ. ಅವತ್ತು ನಿಂತಿದ್ದು ಒಂದು ಕಾಂಪೌಂಡ್ ಮಾತ್ರ.

ಈ ಕ್ಷೇತ್ರದವರು ಹೊಟ್ಟೆಯ ಆಸಿಡ್ ಕಮ್ಮಿ ಮಾಡುವ ಮದ್ದು ಸಿಮೆಟಿಡಿನ್ ಕಥೆಯನ್ನು ಒಮ್ಮೆಯಾದರೂ ಪೂರ್ತಿ ಓದಬೇಕು. ಹೊಟ್ಟೆಹುಣ್ಣಿಗೆ ಆಪರೇಷನ್ ಮಾಡುತ್ತಿದ್ದ ಕಾಲ ಅದು. ಜೇಮ್ಸ್ ಬ್ಲ್ಯಾಕ್ ಅವರ ತಂಡ 1964ರಲ್ಲಿ ಇಂಗ್ಲೆಂಡ್‌ನಲ್ಲಿ ಸ್ಮಿತ್ ಕ್ಲೈನ್ ಅಂಡ್ ಫ್ರೆಂಚ್ ಕಂಪನಿಯಲ್ಲಿ ಕೆಲಸ ಶುರು ಮಾಡಿತು. ಮೊದಲ ನಾಲ್ಕು ವರ್ಷ, ಸುಮಾರು 200 ಕಾಂಪೌಂಡ್, ಏನೂ ಸಿಗಲಿಲ್ಲ. ಆಮೇಲೆ ಟೆಸ್ಟ್ ಮಾಡುವ ವಿಧಾನವನ್ನೇ ತಿದ್ದಿ ನೋಡಿದಾಗ, ಶುರುವಿನಲ್ಲೇ ಮಾಡಿಟ್ಟಿದ್ದ ಒಂದು ಕಾಂಪೌಂಡ್‌ನಲ್ಲಿ ಬೇಕಾದ ಗುಣ ಸ್ವಲ್ಪ ಇರುವುದು ಕಂಡಿತು. ಅಲ್ಲಿಂದ ಬ್ಯುರಿಮಮೈಡ್, ಆಮೇಲೆ ಮೆಟಿಯಮೈಡ್. ಮೆಟಿಯಮೈಡ್ ಕೆಲಸ ಮಾಡಿತು, ಆದರೆ ಕೆಲವು ರೋಗಿಗಳಲ್ಲಿ ಬಿಳಿ ರಕ್ತಕಣ ಇಳಿಯಿತು. ಅಣುವಿನ ಥಯೋಯೂರಿಯಾ ಅನ್ನುವ ಭಾಗದ ಮೇಲೆ ಅನುಮಾನ. ಅದನ್ನು ತೆಗೆದು ಸಯನೊಗ್ವಾನಿಡಿನ್ ಇಟ್ಟರು. ಅದೇ ಸಿಮೆಟಿಡಿನ್, 1976ರಲ್ಲಿ ಬ್ರಿಟನ್‌ನಲ್ಲಿ ರೋಗಿಗಳಿಗೆ ಸಿಕ್ಕಿತು. 1988ರಲ್ಲಿ ಬ್ಲ್ಯಾಕ್ ಅವರಿಗೆ ನೊಬೆಲ್ ಬಂತು. ಮೆಟಿಯಮೈಡ್ ನಿಂತ ದಿನ "ಈ ಟಾರ್ಗೆಟ್ಟೇ ಅಪಾಯ" ಅಂತ ಯಾರಾದರೂ ಫೈಲ್ ಮುಚ್ಚಿದ್ದರೆ? ಎಷ್ಟು ಜನರ ಹೊಟ್ಟೆ ಸುಮ್ನೆ ಕೊಯ್ಯಿಸಿಕೊಳ್ಳಬೇಕಾಗುತ್ತಿತ್ತೋ.

ಇನ್ನು ನಮ್ಮ ಫ್ಲೋರಿನ್ ಕಾಂಪೌಂಡ್. ಕ್ಯಾನ್ಸರ್ ಗೆಡ್ಡೆ ಇದ್ದ ಇಲಿಗಳಿಗೆ ಕೊಟ್ಟೆವು. ರಕ್ತದಲ್ಲಿ ಮದ್ದು ಸಾಕಷ್ಟಿತ್ತು. ಗೆಡ್ಡೆಯೊಳಗೂ ಹೋಗಿತ್ತು. ಟಾರ್ಗೆಟ್ ದಿನವಿಡೀ ಬಂದ್ ಆಗಿರುವುದು ಬಯೋಮಾರ್ಕರ್‌ನಲ್ಲಿ, ಅಂದರೆ ಅದರ ಕೆಲಸ ಅಳೆಯುವ ಗುರುತಿನಲ್ಲಿ, ಕಾಣುತ್ತಿತ್ತು. ಗೆಡ್ಡೆ ಮಾತ್ರ ಬೆಳೆಯುತ್ತಲೇ ಇತ್ತು. ಬೇರೆ ಮಾದರಿಯಲ್ಲೂ ಅದೇ. ಈ ಸಲ ಪ್ರಾಜೆಕ್ಟ್ ನಿಲ್ಲಿಸಬೇಕು ಅಂತ ನಾನೇ ಬರೆದೆ: ಈ ಕ್ಯಾನ್ಸರ್‌ಗೆ ಈ ಟಾರ್ಗೆಟ್ ಅಲ್ಲ.

ಆ ಒಂದು ಸಾಲು ಬರೆಯುವ ಧೈರ್ಯ ಬಂದಿದ್ದು ಕಾಂಪೌಂಡ್ ಚೆನ್ನಾಗಿದ್ದರಿಂದ. ಸರಿಯಾಗಿ ಕರಗದ, ಲಿವರ್‌ನಲ್ಲಿ ಕಾಲು ಗಂಟೆ ನಿಲ್ಲದ ಕಾಂಪೌಂಡ್ ಕೊಟ್ಟು ಗೆಡ್ಡೆ ಕುಗ್ಗಲಿಲ್ಲ ಅಂದರೆ ಅದರಿಂದ ಏನೂ ಗೊತ್ತಾಗುವುದಿಲ್ಲ. ಟಾರ್ಗೆಟ್ ತಪ್ಪೋ, ಅಣು ತಪ್ಪೋ ಅನ್ನುವ ಅನುಮಾನ ಹಾಗೇ ಉಳಿಯುತ್ತದೆ. ಇನ್ಯಾರೋ ಅದೇ ಟಾರ್ಗೆಟ್ ಹಿಡಿದು ಮತ್ತೆ ವರ್ಷಗಟ್ಟಲೆ ದುಡಿಯುತ್ತಾರೆ. ಅದಕ್ಕೇ ಈಗ ಪ್ರಾಜೆಕ್ಟ್ ಶುರುವಾಗುವಾಗಲೇ ಬಯಾಲಜಿಯವರ ಜೊತೆ ಕೂತು ಒಂದು ಪುಟ ಬರೆಯುತ್ತೇವೆ. ಎಂಥ ಕಾಂಪೌಂಡ್ ಸಿಕ್ಕರೆ ಟಾರ್ಗೆಟ್ಟನ್ನು ನಿಜವಾಗಿ ಪರೀಕ್ಷೆ ಮಾಡಬಹುದು, ಆಗ ಏನು ಕಂಡರೆ ನಿಲ್ಲಿಸುತ್ತೇವೆ ಅಂತ. ಡೇಟಾ ಬಂದಮೇಲೆ ಬರೆಯಲು ಕೂತರೆ ಆಗುವುದಿಲ್ಲ, ಅಷ್ಟು ಹೊತ್ತಿಗೆ ಎಲ್ಲರಿಗೂ ತಮ್ಮ ಅಣುವಿನ ಮೇಲೆ ಪ್ರೀತಿ ಬಂದುಬಿಟ್ಟಿರುತ್ತದೆ, ಅಲ್ವಾ?

ಅಪ್ರೈಸಲ್ ಸಮಯದಲ್ಲಿ ಆ ಹುಡುಗನ ಬಗ್ಗೆ ಮೇಲಿನವರು ಕೇಳಿದರು, ಪ್ರಾಜೆಕ್ಟೇ ನಿಂತುಹೋಯಿತಲ್ಲ, ಪ್ರಮೋಷನ್ ಯಾಕೆ ಅಂತ. ಟಾರ್ಗೆಟ್ ಸರಿಯೋ ತಪ್ಪೋ ಅನ್ನುವ ಪ್ರಶ್ನೆಗೆ ಉತ್ತರ ಸಿಕ್ಕಿದ್ದೇ ಅವನ ಕಾಂಪೌಂಡ್‌ನಿಂದ ಅಂತ ಇಲಿಗಳ ಡೇಟಾ ಮುಂದಿಟ್ಟೆ. ಪ್ರಮೋಷನ್ ಆಯಿತು. ಈಗ ಬೇರೆ ಟಾರ್ಗೆಟ್ ಮೇಲೆ ಅವನೇ ಒಂದು ಚಿಕ್ಕ ಟೀಮ್ ನಡೆಸುತ್ತಿದ್ದಾನೆ.