ಶ್ರೀರಂಗಪಟ್ಟಣಕ್ಕೆ ಬರುತ್ತಿದ್ದೀರಾ? ಒಂದು ರಾತ್ರಿ ಉಳಿದು ಹೋಗಿ

ಶ್ರೀರಂಗಪಟ್ಟಣ ನನ್ನ ಊರು. ಕಾವೇರಿ ಎರಡು ಕವಲಾಗಿ ಸುತ್ತಿಕೊಂಡಿರುವ ದ್ವೀಪ ಇದು. ಉದ್ದ ಸುಮಾರು 5 ಕಿಲೋಮೀಟರ್, ಅಗಲ ಒಂದೂವರೆ ಕಿಲೋಮೀಟರ್ ಇರಬಹುದು, ಅಷ್ಟೇ. ಹೊರಗಿನಿಂದ ಬರುವವರಲ್ಲಿ ಜಾಸ್ತಿ ಜನ ಮೈಸೂರಿಗೆ ಹೋಗುವ ದಾರಿಯಲ್ಲಿ ಕಾರು ನಿಲ್ಲಿಸಿ, ರಂಗನಾಥನಿಗೆ ಕೈ ಮುಗಿದು, ದರಿಯಾ ದೌಲತ್ ಮುಂದೆ ಒಂದು ಫೋಟೊ ತೆಗೆಸಿಕೊಂಡು ಎರಡು ಗಂಟೆಯಲ್ಲಿ ಹೊರಟುಬಿಡುತ್ತಾರೆ. ನೋಡಿದರೆ ನಿಜಕ್ಕೂ ಬೇಜಾರಾಗುತ್ತದೆ. ಈ ಊರು ಚೆನ್ನಾಗಿ ಕಾಣುವುದು ಬೆಳಗ್ಗೆ ಬೇಗ ಮತ್ತು ಸಂಜೆ. ಅವರೆಲ್ಲ ಬರುವುದು ಸುಡುವ ಮಧ್ಯಾಹ್ನ, ದೇವಸ್ಥಾನದ ಬಾಗಿಲು ಹಾಕಿರುವ ಹೊತ್ತಿಗೆ!

ಕಳೆದ ಕಾರ್ತಿಕದಲ್ಲಿ ಅತ್ತೆ ಮಗಳು ಸಂಸಾರ ಸಮೇತ ಬಂದಿದ್ದಳು. ಅವರನ್ನು ಸುತ್ತಾಡಿಸುತ್ತ ನಾನೂ ಇಡೀ ದ್ವೀಪವನ್ನು ಇನ್ನೊಂದು ಸಲ ನೋಡಿದೆ. ಆ ತಿರುಗಾಟದ ಲೆಕ್ಕದಲ್ಲೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಬರುವ ದಾರಿ. ಬೆಂಗಳೂರಿನಿಂದ ಹೊಸ ಹೆದ್ದಾರಿಯಲ್ಲಿ ಬಂದರೆ ಅದು ಊರೊಳಗೆ ಬರುವುದಿಲ್ಲ, ಬೈಪಾಸ್‌ನಲ್ಲಿ ಹೊರಗಿಂದಲೇ ಹೋಗಿಬಿಡುತ್ತದೆ. ಶ್ರೀರಂಗಪಟ್ಟಣದ ಬೋರ್ಡು ನೋಡಿಕೊಂಡು ಮೊದಲೇ ಹಳೇ ರಸ್ತೆಗೆ ಇಳಿಯಿರಿ. ಬೈಕು, ಆಟೊಗಳಿಗೆ ಆ ಹೆದ್ದಾರಿಯ ಮುಖ್ಯ ರಸ್ತೆಯಲ್ಲಿ ಪ್ರವೇಶ ಇಲ್ಲ, ಅವರು ಸರ್ವಿಸ್ ರಸ್ತೆಯಲ್ಲೇ ಬರಬೇಕು. ರೈಲಿನಲ್ಲಿ ಬಂದರೆ ಇನ್ನೂ ಚೆನ್ನ. ನಮ್ಮ ಸ್ಟೇಷನ್ ಇರುವುದೇ ಕೋಟೆಯ ಒಳಗೆ, ಇಳಿದು ಸ್ವಲ್ಪ ನಡೆದರೆ ದೇವಸ್ಥಾನ. ಆದರೆ ಎಲ್ಲ ರೈಲೂ ಇಲ್ಲಿ ನಿಲ್ಲುವುದಿಲ್ಲ, ಟಿಕೆಟ್ ಮಾಡಿಸುವ ಮುಂಚೆ ನೋಡಿಕೊಳ್ಳಿ. ಮೈಸೂರಿನಲ್ಲಿ ಇಳಿದರೂ ತೊಂದರೆ ಇಲ್ಲ, ಅಲ್ಲಿಂದ ಬಸ್ಸುಗಳು ಬರುತ್ತಲೇ ಇರುತ್ತವೆ.

ಬೆಳಗ್ಗೆ ಆರೂವರೆ ಏಳಕ್ಕೆಲ್ಲ ಕೋಟೆಯೊಳಗೆ ಕಾಲಿಡಿ. ವಾಹನ ಬೇಡ, ನಡೆಯಿರಿ. ರಂಗನಾಥಸ್ವಾಮಿ ದೇವಸ್ಥಾನದ ಮುಂದಿನ ಬಯಲಲ್ಲಿ ಆ ಹೊತ್ತಿಗೆ ತುಳಸಿ ಹಾರ, ಹೂವು ಕಟ್ಟುವವರು ಕೂತಿರುತ್ತಾರೆ. ಊರಿನವರು ಹೊಳೆಯಲ್ಲಿ ಮಿಂದು ಒದ್ದೆ ಬಟ್ಟೆಯಲ್ಲೇ ಬರುತ್ತಿರುತ್ತಾರೆ. ಗಂಗರ ಕಾಲದಲ್ಲಿ ತಿರುಮಲಯ್ಯ ಎಂಬ ನಾಯಕ ಕಟ್ಟಿಸಿದ ದೇವಸ್ಥಾನ ಇದು. ಆಮೇಲೆ ಹೊಯ್ಸಳರು, ವಿಜಯನಗರದವರು, ಒಡೆಯರು ಎಲ್ಲರೂ ಸೇರಿಸುತ್ತ ಬಂದಿದ್ದಾರೆ. ಶಿವನಸಮುದ್ರದ ಮಧ್ಯರಂಗ, ತಮಿಳುನಾಡಿನ ಶ್ರೀರಂಗದ ಅಂತ್ಯರಂಗ, ಇಲ್ಲಿ ಆದಿರಂಗ. ಮೂರೂ ಕಾವೇರಿಯ ದ್ವೀಪಗಳೇ. ಒಳಗೆ ಹೋದಾಗ ಎರಡು ಕಂಬಗಳನ್ನು ನಿಧಾನವಾಗಿ ನೋಡಿ, ವಿಷ್ಣುವಿನ 24 ರೂಪಗಳನ್ನು ಅವುಗಳ ಮೇಲೆ ಕೆತ್ತಿದ್ದಾರೆ. ಸರದಿಯಲ್ಲಿ ತಳ್ಳಿಕೊಂಡು ಹೋಗುವವರಿಗೆ ಇದು ಕಣ್ಣಿಗೇ ಬೀಳುವುದಿಲ್ಲ. ಟಿಪ್ಪು ಕೊಟ್ಟ ಬೆಳ್ಳಿ ಪಾತ್ರೆಗಳೂ ಈ ದೇವಸ್ಥಾನದಲ್ಲಿವೆ. ದೇವಸ್ಥಾನದ ಹತ್ತಿರವೇ ಅವನ ಲಾಲ್ ಮಹಲ್ ಅರಮನೆ ಇತ್ತು, ಈಗ ಉಳಿದಿರುವುದು ಪಾಯದ ಕಲ್ಲುಗಳು ಮಾತ್ರ. ಆಸಕ್ತಿ ಇದ್ದವರು ನರಸಿಂಹಸ್ವಾಮಿ ದೇವಸ್ಥಾನವನ್ನೂ, ಮುಮ್ಮಡಿ ಕೃಷ್ಣರಾಜ ಒಡೆಯರು ಹುಟ್ಟಿದ ಜಾಗವನ್ನೂ ನೋಡಬಹುದು. ಎರಡೂ ಅಲ್ಲೇ ಪಕ್ಕದಲ್ಲಿವೆ, ಜನ ಇರುವುದಿಲ್ಲ.

ತಿಂಡಿ ಮುಗಿಸಿ ಕೋಟೆ ಗೋಡೆಯ ಕಡೆ ಹೋಗಿ. ನಾವು ಶುರು ಮಾಡಿದ್ದು ಪಶ್ಚಿಮ ತುದಿಯಿಂದ. 1799ರ ಮೇ 4ರ ಮಧ್ಯಾಹ್ನ ಇಂಗ್ಲಿಷರ ಸೈನ್ಯ ಗೋಡೆ ಒಡೆದು ನುಗ್ಗಿದ್ದು ಇಲ್ಲೇ, ಅದರ ನೆನಪಿಗೆ ಒಂದು ಎತ್ತರದ ಕಲ್ಲಿನ ಸ್ತಂಭ ಇದೆ. ಅಲ್ಲಿ ನಿಂತು ಹೊಳೆ ಕಡೆ ನೋಡಿ. ಯುದ್ಧ ಮೇ ತಿಂಗಳಲ್ಲೇ ಮುಗಿಯಬೇಕಿತ್ತು ಯಾಕೆ ಅಂತ ಆಗ ಅರ್ಥವಾಗುತ್ತದೆ. ಬೇಸಿಗೆಯಲ್ಲಿ ಇಲ್ಲಿ ನೀರು ಇಳಿದು ಬಂಡೆಗಳು ಮೇಲೆ ಏಳುತ್ತವೆ, ಆಳು ನಡೆದು ದಾಟಬಹುದು. ಮಳೆ ಶುರುವಾಗಿ ಕಾವೇರಿ ತುಂಬಿದರೆ ಯಾವ ಸೈನ್ಯಕ್ಕೂ ಆಗುವ ಮಾತಲ್ಲ. ಹೊಳೆಯೇ ಈ ಊರಿನ ದೊಡ್ಡ ಕಾವಲು, ಅದು ತೆಳ್ಳಗಾದ ತಿಂಗಳಲ್ಲೇ ಪಟ್ಟಣ ಬಿತ್ತು. ಪುಸ್ತಕದಲ್ಲಿ ಎಷ್ಟು ಓದಿದರೂ ಇದು ಸ್ಥಳದಲ್ಲಿ ನಿಂತಾಗ ತಿಳಿಯುವಷ್ಟು ತಿಳಿಯುವುದಿಲ್ಲ.

ಅಲ್ಲಿಂದ ಕರ್ನಲ್ ಬೇಲಿ (Baillie) ಎಂಬ ಇಂಗ್ಲಿಷ್ ಅಧಿಕಾರಿಯ ಹೆಸರಿನ ಸೆರೆಮನೆ. ನೆಲದಿಂದ ಕೆಳಗೆ ಮೆಟ್ಟಿಲಿಳಿದು ಹೋಗಬೇಕು, ಮೊಣಕಾಲು ನೋವಿನವರು ಮೇಲಿಂದಲೇ ನೋಡಬಹುದು. ಇಟ್ಟಿಗೆ ಗಾರೆಯ ಕಮಾನುಗಳು, ಕೈದಿಗಳ ಸರಪಳಿ ಬಿಗಿಯಲು ತೂತು ಕೊರೆದ ಕಲ್ಲುಗಳು, ಮೇಲಿನ ಛಾವಣಿ ಒಡೆದುಕೊಂಡು ಬಿದ್ದ ಒಂದು ಫಿರಂಗಿ. ನಮ್ಮ ಹುಡುಗ "ಮಾವ, ಇದು ಈಗಲೂ ಹಾರುತ್ತಾ?" ಅಂತ ಫಿರಂಗಿ ಬಿಟ್ಟು ಕದಲಲೇ ಇಲ್ಲ. ಕರ್ನಲ್ ಬೇಲಿ 1780ರಲ್ಲಿ ಪೊಲ್ಲಿಲೂರಿನಲ್ಲಿ ಹೈದರಾಲಿ, ಟಿಪ್ಪು ಕೈಯಲ್ಲಿ ಸೋತು ಸೆರೆ ಸಿಕ್ಕವನು, 1782ರಲ್ಲಿ ಇದೇ ಊರಲ್ಲಿ ಸತ್ತ. ಅದೇ ಯುದ್ಧದಲ್ಲಿ ಸೆರೆಯಾಗಿ ಇಲ್ಲಿ ವರ್ಷಗಟ್ಟಲೆ ಕೊಳೆತ ಡೇವಿಡ್ ಬೇರ್ಡ್ ಎಂಬ ಇನ್ನೊಬ್ಬ ಅಧಿಕಾರಿ, 1799ರಲ್ಲಿ ಕೋಟೆಗೆ ನುಗ್ಗಿದ ಪಡೆಯ ಮುಂದಾಳಾಗಿ ತಿರುಗಿ ಬಂದ. ಈ ಎರಡು ಹೆಸರು ನೆನಪಲ್ಲಿಟ್ಟುಕೊಳ್ಳಿ, ದರಿಯಾ ದೌಲತ್‌ನಲ್ಲಿ ಬೇಕಾಗುತ್ತದೆ.

ಟಿಪ್ಪುವಿನ ಶವ ಸಿಕ್ಕ ಜಾಗಕ್ಕೆ ಒಂದು ಕಲ್ಲು ನೆಟ್ಟಿದ್ದಾರೆ, ಸುತ್ತ ಬೇಲಿ ಇದೆ. ತುಂಬ ಚಿಕ್ಕ ಜಾಗ, ಗಾಡಿಯಲ್ಲಿ ಹೋದರೆ ದಾಟಿ ಹೋಗುತ್ತೀರಿ. ಜಾಮಿಯಾ ಮಸೀದಿಯ ಎರಡು ಮಿನಾರುಗಳಂತೂ ದೂರದಿಂದಲೇ ಕಾಣುತ್ತವೆ. ಗೋಡೆ ತುಂಬ ಪಾರಿವಾಳದ ಗೂಡುಗಳನ್ನು ಬಿಟ್ಟೇ ಕಟ್ಟಿದ್ದಾರೆ. ಸ್ಟೇಷನ್ ಹತ್ತಿರ ಟಿಪ್ಪು ಕಾಲದ ಸಿಡಿಮದ್ದಿನ ಮನೆಯೊಂದಿದೆ. ಜೋಡಿ ಹಳಿ ಹಾಕುವಾಗ ಅದು ಅಡ್ಡ ಬಂತು. ಕೆಡವಲಿಲ್ಲ, 2017ರಲ್ಲಿ ಇಡೀ ಕಟ್ಟಡವನ್ನೇ ಬುಡಸಮೇತ ಎತ್ತಿ ನೂರು ಮೀಟರಿಗೂ ಹೆಚ್ಚು ದೂರ ಸರಿಸಿ ಕೂರಿಸಿದರು. ಊರಿಗೆ ಊರೇ ನಿಂತು ನೋಡಿದ ಕೆಲಸ ಅದು, ನನಗೆ ಈಗಲೂ ಹೆಮ್ಮೆ.

ಮಧ್ಯಾಹ್ನ ಊಟ, ನಿದ್ದೆ. ಬಿಸಿಲಲ್ಲಿ ಸುತ್ತಬೇಡಿ. ಊಟಕ್ಕೆ ದೊಡ್ಡ ಹೋಟೆಲ್ ಹುಡುಕಬೇಡಿ, ಮುದ್ದೆ ಊಟ ಸಿಗುವ ಸಣ್ಣ ಮೆಸ್ ಕೇಳಿ. ಬಸ್ಸಾರು ಇದ್ದ ದಿನ ಸಿಕ್ಕರೆ ನಿಮ್ಮ ಪುಣ್ಯ. ಮೀನು ತಿನ್ನುವವರು ಹೊಳೆ ಮೀನೇ ಕೇಳಿ. ಇದು ಕಬ್ಬಿನ ಸೀಮೆ, ಕಬ್ಬಿನ ಹಾಲನ್ನು ಐಸ್ ಹಾಕದೆ ಕುಡಿಯಿರಿ. ದ್ವೀಪದಿಂದ ಆಚೆ ಪಾಂಡವಪುರದ ಕಡೆ ಹೋಗುವಾಗ ಆಲೆಮನೆ ಹೊಗೆ ಕಂಡರೆ ನಿಲ್ಲಿಸಿ. ಬಿಸಿ ಬೆಲ್ಲ ಕೈಗೆ ಹಾಕಿ ಕೊಡುತ್ತಾರೆ, ಮನೆಗೂ ಅಚ್ಚು ಬೆಲ್ಲ ಕೊಳ್ಳಬಹುದು.

ಮೂರೂವರೆ ನಾಲ್ಕಕ್ಕೆ ದರಿಯಾ ದೌಲತ್. 1784ರ ಹೊತ್ತಿಗೆ ಟಿಪ್ಪು ಕಟ್ಟಿಸಿದ ಬೇಸಿಗೆ ಅರಮನೆ, ಜಾಸ್ತಿ ಭಾಗ ತೇಗದ ಮರದ್ದು. ಬಣ್ಣ ಹಾಳಾಗದಿರಲಿ ಅಂತ ನಾಲ್ಕೂ ಕಡೆ ಪರದೆ ಇಳಿಬಿಟ್ಟಿದ್ದಾರೆ. ಹಾಗಾಗಿ ಹೊರಗಿನಿಂದ ನೋಡಿದವರು "ಇಷ್ಟೇನಾ?" ಅಂತಾರೆ. ಒಳಗೆ ಬನ್ನಿ. ಪಶ್ಚಿಮದ ಗೋಡೆಯ ತುಂಬ ಅದೇ ಪೊಲ್ಲಿಲೂರು ಯುದ್ಧ. ಇಂಗ್ಲಿಷ್ ಸಿಪಾಯಿಗಳು ಚೌಕಾಕಾರವಾಗಿ ನಿಂತಿದ್ದಾರೆ, ನಡುವೆ ಗಾಯಗೊಂಡ ಬೇಲಿ ಪಲ್ಲಕ್ಕಿಯಲ್ಲಿ ಕೂತಿದ್ದಾನೆ, ಮೇಲೆ ಅವರ ಮದ್ದಿನ ಗಾಡಿ ಸಿಡಿಯುತ್ತಿದೆ, ಸುತ್ತಲೂ ಮೈಸೂರಿನ ಕುದುರೆಗಳು. ಬೆಳಗ್ಗೆ ಸೆರೆಮನೆ ನೋಡಿ ಬಂದವರಿಗೆ ಈ ಗೋಡೆ ಬೇರೆಯದೇ ಆಗಿ ಕಾಣುತ್ತದೆ, ಅದಕ್ಕೇ ಆ ಕ್ರಮದಲ್ಲಿ ಹೋಗಿ ಅಂತ ಹೇಳುತ್ತೇನೆ. ಕನಿಷ್ಠ ಅರ್ಧ ಗಂಟೆ ಆ ಒಂದು ಗೋಡೆಗೇ ಇಡಿ. ಒಬ್ಬೊಬ್ಬ ಸಿಪಾಯಿಯ ಮುಖ, ಮೀಸೆ, ರುಮಾಲು ನೋಡುತ್ತ ಹೋದ ಹಾಗೆ ಹೊಸದೇನಾದರೂ ಸಿಗುತ್ತಲೇ ಇರುತ್ತದೆ. ಒಳಗೆ ಫೋಟೊ ತೆಗೆಯುವಂತಿಲ್ಲ, ಅದೂ ಒಳ್ಳೆಯದೇ, ಕಣ್ಣು ಗೋಡೆ ಮೇಲೆ ಇರುತ್ತದೆ. ಪೂರ್ವದ ಗೋಡೆಯಲ್ಲಿ ಆ ಕಾಲದ ರಾಜರು, ಪಾಳೆಯಗಾರರ ಚಿತ್ರಗಳಿವೆ. ಸಂಜೆ ಐದಕ್ಕೆ ಮುಚ್ಚುತ್ತಾರೆ, ತಡ ಮಾಡಬೇಡಿ.

ಮಾರನೆ ದಿನ ಗಂಜಾಂ ಕಡೆ. ಕೋಟೆಯಿಂದ ದ್ವೀಪದ ಪೂರ್ವ ತುದಿಯ ಸಂಗಮಕ್ಕೆ ಸುಮಾರು 5 ಕಿಲೋಮೀಟರ್, ಆಟೊ ಮಾಡಿಕೊಳ್ಳಿ, ಹತ್ತುವ ಮುಂಚೆ ಎಲ್ಲೆಲ್ಲಿ ನಿಲ್ಲಿಸಬೇಕು ಅಂತ ಹೇಳಿ ದುಡ್ಡು ಮಾತಾಡಿಕೊಳ್ಳಿ. ದಾರಿಯಲ್ಲಿ ಗದ್ದೆ, ಕಬ್ಬು, ತೆಂಗು. ಗಂಜಾಂ ಟಿಪ್ಪು ಬೆಳೆಸಿದ ಪೇಟೆ. ಶಿರಾದಿಂದ ಸಾವಿರಾರು ಮನೆತನಗಳನ್ನು ಒತ್ತಾಯದಿಂದ ತಂದು ಇಲ್ಲಿ ಕೂರಿಸಿದ್ದ. 1799ರ ನಂತರ ರಾಜಧಾನಿ ಮೈಸೂರಿಗೆ ಹೋಯಿತು, ಇಲ್ಲಿಯ ಜ್ವರಕ್ಕೆ ಹೆದರಿ ಇಂಗ್ಲಿಷರ ಸೈನ್ಯವೂ ಬೆಂಗಳೂರಿಗೆ ಹೋಯಿತು, ಪೇಟೆ ಬರಿದಾಯಿತು. ಅಬ್ಬೆ ದುಬ್ವಾ ಎಂಬ ಫ್ರೆಂಚ್ ಪಾದ್ರಿ ಆ ದಿನಗಳಲ್ಲಿ ಇಲ್ಲಿದ್ದು ಚರ್ಚ್ ಕಟ್ಟಿಸಿದ, ಸಿಡುಬಿನ ಲಸಿಕೆ ಹಾಕಿಸುವ ಕೆಲಸ ಮಾಡಿದ. ಆ ಚರ್ಚ್ ನೋಡಲು ಹೊರಗಿನವರು ಯಾರೂ ಬರುವುದಿಲ್ಲ. ನೀವು ಹೋಗಿ.

ಗುಂಬಜ್‌ನಲ್ಲಿ ಹೈದರಾಲಿ, ಅವನ ಹೆಂಡತಿ ಫಾತಿಮಾ ಬೇಗಂ, ಮಗ ಟಿಪ್ಪು ಮೂವರೂ ಒಂದೇ ಸೂರಿನ ಕೆಳಗೆ ಮಲಗಿದ್ದಾರೆ. ಸುತ್ತ 36 ಕರಿಕಲ್ಲಿನ ಕಂಬಗಳು, ಮುಟ್ಟಿದರೆ ಬಿಸಿಲಲ್ಲೂ ತಣ್ಣಗಿರುತ್ತವೆ. ಒಳಗೋಡೆಗೆ ಹುಲಿಪಟ್ಟೆ ಬಣ್ಣ. ದಂತ ಕೂರಿಸಿದ ಕರಿಮರದ ಬಾಗಿಲುಗಳನ್ನು ಆಮೇಲೆ ಇಂಗ್ಲಿಷರ ಗವರ್ನರ್ ಜನರಲ್ ಡಾಲ್‌ಹೌಸಿ ಕೊಟ್ಟದ್ದು. ಇದು ಇವತ್ತಿಗೂ ಜನ ಹರಕೆ ಹೊತ್ತು ಬರುವ ಜಾಗ, ಎಲ್ಲ ಜಾತಿಯವರೂ ಬರುತ್ತಾರೆ. ಚಪ್ಪಲಿ ಹೊರಗೆ ಬಿಟ್ಟು, ಮೆಲ್ಲಗೆ ಮಾತಾಡಿ.

ನಿಮಿಷಾಂಬ ದೇವಸ್ಥಾನ ಹೊಳೆ ದಂಡೆಯಲ್ಲೇ ಇದೆ. ಮೆಟ್ಟಿಲ ಮೇಲೆ ಕೂತು ಮೀನಿಗೆ ಪುರಿ ಹಾಕುವುದು ಮಕ್ಕಳಿಗೆ ದೇವರಿಗಿಂತ ಹೆಚ್ಚು ಇಷ್ಟ. ಸಂಗಮದಲ್ಲಿ ಕಾವೇರಿಯ ಎರಡೂ ಕವಲು ಮತ್ತೆ ಸೇರುತ್ತವೆ. ಹರಿಗೋಲು ಸವಾರಿ ಇದೆ, ಲೈಫ್ ಜಾಕೆಟ್ ಕೊಟ್ಟರೆ ಮಾತ್ರ ಹತ್ತಿ.

ಹೊಳೆ ಬಗ್ಗೆ ಸ್ವಲ್ಪ ಗಟ್ಟಿಯಾಗಿಯೇ ಹೇಳಬೇಕು. ದಯವಿಟ್ಟು ಈಜಬೇಡಿ. ಮೇಲೆ ಶಾಂತವಾಗಿ ಕಾಣುವ ನೀರಿನ ಕೆಳಗೆ ಬಂಡೆ, ಗುಂಡಿ, ಸುಳಿ ಎಲ್ಲ ಇವೆ. ಪ್ರವಾಸಕ್ಕೆ ಬಂದ ಹುಡುಗರು ಸಾಯುವ ಸುದ್ದಿ ನಮಗೆ ಹೊಸದಲ್ಲ, ಆ ಅಪ್ಪ ಅಮ್ಮಂದಿರು ದಂಡೆಯಲ್ಲಿ ಕೂತಿರುವುದನ್ನು ನೋಡಲಾಗುವುದಿಲ್ಲ. ಜುಲೈ, ಆಗಸ್ಟ್‌ನಲ್ಲಿ ಕೆಆರ್‌ಎಸ್‌ನಿಂದ ನೀರು ಬಿಟ್ಟಾಗ ಮೆಟ್ಟಿಲು ಮುಳುಗುತ್ತವೆ, ಪೊಲೀಸರು ಹಗ್ಗ ಕಟ್ಟುತ್ತಾರೆ, ಆ ಹಗ್ಗ ದಾಟಬೇಡಿ. ಇನ್ನೊಂದು ಮಾತು. ತರ್ಪಣ, ಅಸ್ಥಿ ವಿಸರ್ಜನೆಗೆ ಪಶ್ಚಿಮವಾಹಿನಿ ಸ್ನಾನಘಟ್ಟಕ್ಕೆ, ಸಂಗಮಕ್ಕೆ ಬರುವವರು ಉಟ್ಟ ಬಟ್ಟೆಯನ್ನು ನೀರಿಗೆ ಬಿಡುತ್ತಾರೆ. 1948ರಲ್ಲಿ ಗಾಂಧೀಜಿಯ ಚಿತಾಭಸ್ಮ ಬಿಟ್ಟ ಪಶ್ಚಿಮವಾಹಿನಿಯಲ್ಲಿ ಈಗ ಸೀರೆ, ಪಂಚೆಗಳ ರಾಶಿ ಬಂಡೆಗೆ ಸುತ್ತಿಕೊಂಡಿರುತ್ತದೆ. ಶ್ರಾದ್ಧ ಮಾಡಿ, ಬಟ್ಟೆ ಮಾತ್ರ ದಡದಲ್ಲೇ ಬಿಡಿ ಅಥವಾ ಮನೆಗೆ ತಗೊಂಡು ಹೋಗಿ. ಇದೇ ನೀರನ್ನು ಕೆಳಗಿನ ಊರಿನವರು ಕುಡಿಯುತ್ತಾರೆ.

ಸಮಯ ಉಳಿದರೆ ದಿವಾನ್ ಪೂರ್ಣಯ್ಯನವರು 1804ರಲ್ಲಿ ಕಟ್ಟಿಸಿದ ವೆಲ್ಲೆಸ್ಲಿ ಸೇತುವೆ ನೋಡಿ, ಬರೀ ಕಲ್ಲುಕಂಬ ನಿಲ್ಲಿಸಿ ಚಪ್ಪಡಿ ಹಾಸಿದ್ದು ಎಷ್ಟು ಪ್ರವಾಹ ಕಂಡಿದೆಯೋ. ಹಳೇ ಹೆದ್ದಾರಿ ಪಕ್ಕದ ಗ್ಯಾರಿಸನ್ ಸ್ಮಶಾನದಲ್ಲಿ ಇಂಗ್ಲಿಷರ ಜತೆಗಿದ್ದ ಸ್ವಿಸ್ ಪಡೆಯವರ ಸಮಾಧಿಗಳಿವೆ. ದ್ವೀಪದಿಂದ ಆಚೆಗೆ ರಂಗನತಿಟ್ಟು ಹತ್ತಿರವೇ. 1940ರಲ್ಲಿ ಪಕ್ಷಿತಜ್ಞ ಸಲೀಂ ಅಲಿ ಒತ್ತಾಯದಿಂದ ಪಕ್ಷಿಧಾಮವಾಯಿತು, ಡಿಸೆಂಬರಿನಿಂದ ಬೇಸಿಗೆವರೆಗೆ ಹಕ್ಕಿ ಜಾಸ್ತಿ, ದೋಣಿಗೆ ಬೆಳಗ್ಗೆಯೇ ಹೋಗಿ. ಲೋಕಪಾವನಿ ಹೊಳೆ ಆಚೆಯ ಕರಿಘಟ್ಟ ಬೆಟ್ಟ ಹತ್ತಿದರೆ ಇಡೀ ದ್ವೀಪ ಕಾಣುತ್ತದೆ.

ಯಾವಾಗ ಬರಬೇಕು? ಅಕ್ಟೋಬರಿನಿಂದ ಫೆಬ್ರವರಿ ಒಳ್ಳೆಯದು. ಹಬ್ಬ ನೋಡುವ ಆಸೆ ಇದ್ದರೆ ಸಂಕ್ರಾಂತಿಯ ಲಕ್ಷದೀಪೋತ್ಸವ, ರಥಸಪ್ತಮಿಯ ತೇರು. ದಸರಾ ಶುರುವಾದದ್ದೇ ಇಲ್ಲಿ, 1610ರಲ್ಲಿ ರಾಜ ಒಡೆಯರ ಕಾಲದಲ್ಲಿ. ಈಗಲೂ ಕಿರಂಗೂರಿನ ಬನ್ನಿಮಂಟಪದಿಂದ ಮೆರವಣಿಗೆ ಬರುತ್ತದೆ, ಮೈಸೂರಿನಷ್ಟು ನೂಕುನುಗ್ಗಲಿಲ್ಲದೆ ಹತ್ತಿರದಿಂದ ನೋಡಬಹುದು. ಅಮಾವಾಸ್ಯೆಗಳಲ್ಲಿ, ಅದರಲ್ಲೂ ಮಹಾಲಯ ಮತ್ತು ಭೀಮನ ಅಮಾವಾಸ್ಯೆಯಂದು ಹೊಳೆ ದಂಡೆಯ ಜಾಗಗಳಲ್ಲಿ ಕಾಲಿಡಲು ಆಗುವುದಿಲ್ಲ, ಸುಮ್ನೆ ನೋಡಲು ಬರುವವರು ಆ ದಿನ ಬಿಡಿ. ಉಳಿಯಲು ಹೊಳೆ ಪಕ್ಕದ ಮಯೂರ ರಿವರ್ ವ್ಯೂ ಇದೆ, ಸಣ್ಣ ಲಾಡ್ಜುಗಳೂ ಇವೆ. ದಸರಾ ಹೊತ್ತಿಗೆ ಎಲ್ಲ ತುಂಬಿರುತ್ತವೆ, ಮೊದಲೇ ಕೋಣೆ ಹಿಡಿಯಿರಿ. ಸಿಗದಿದ್ದರೆ ಮೈಸೂರಿನಲ್ಲಿ ಮಲಗಿ ಬೆಳಗಿನ ಮೊದಲ ಬಸ್ಸಿಗೆ ಬನ್ನಿ. ಅರ್ಧ ಗಂಟೆಯ ದಾರಿ, ಬಾಗಿಲು ತೆಗೆಯುವ ಹೊತ್ತಿಗೆ ರಂಗನಾಥನ ಮುಂದಿರುತ್ತೀರಿ.