ಕೈ ಬಿಗಿ ಅಲ್ರೀ ಅಕ್ಕೋರ

ಕೊಕ್ಕೆಕಡ್ಡಿಯಿಂದ ನೂಲು ಹೆಣೆಯುವ ನಮ್ಮ ಕ್ರೋಶಾ ಕ್ಲಾಸಿನಲ್ಲಿ, ಹಾಳೆಯ ಮೇಲಿನ ಚಾರ್ಟ್ ನೋಡಿ ಹಾಕುತ್ತ ಮೂರನೇ ಸುತ್ತಿಗೆ ಬಂದರೆ ಸಾಕು, ಎಲ್ಲರ ಟೇಬಲ್ ಮ್ಯಾಟಿನ ಅಂಚೂ ಬಟ್ಟಲಿನ ಹಾಗೆ ಮೇಲೇಳುತ್ತಿತ್ತು. ಕಲಿಸುವ ಅಕ್ಕೋರ ಉತ್ತರ ಯಾವಾಗಲೂ ಒಂದೇ: "ನಿಮ್ಮ ಕೈ ಬಿಗಿ. ಉಚ್ಚಿ ಮತ್ತ ಹಾಕ್ರಿ." ಉಚ್ಚಿ ಉಚ್ಚಿ ನೂಲಿನ ಮೈಯೆಲ್ಲ ಜುಂಜೆದ್ದಿತ್ತು. ಈ ಗುರುವಾರ ಹಿಂದಿನ ಚಾಪೆಯಿಂದ ಧ್ವನಿ ಬಂತು.

"ಕೈ ಬಿಗಿ ಅಲ್ರೀ ಅಕ್ಕೋರ. ಈ ಹಾಳ್ಯಾಗ ತಪ್ಪೈತಿ."

ಹೇಳಿದ್ದು ಕ್ಲಾಸಿನ ಅಜ್ಜಿ, ಆಯಿ. ಹುಟ್ಟಿದ್ದು ಗುಳೇದಗುಡ್ಡದ ನೇಕಾರರ ಮನೆಯಲ್ಲಿ, ಈಗ ಬಾಗಲಕೋಟೆಯ ನವನಗರದಲ್ಲಿ ಮಗನ ಹತ್ತಿರ ಇದ್ದಾರೆ. ಸಾಲಿ ಕಲಿತವರಲ್ಲ. ಕ್ರೋಶಾ ಕ್ಲಾಸಿನಲ್ಲಿ ಅವರು ಬಾಯಿ ಬಿಟ್ಟದ್ದನ್ನೇ ನಾನು ಅಲ್ಲಿಯವರೆಗೆ ಕೇಳಿರಲಿಲ್ಲ.

ಚಾರ್ಟ್ ಓದಲು ಕಲಿಸಿದವರು ಅಕ್ಕೋರೇ, ಆ ಋಣ ನಮ್ಮ ಮೇಲಿದೆ. ಮೊಟ್ಟೆಯಾಕಾರ ಅಂದರೆ ಸರಪಳಿ, ತುಂಬಿದ ಚುಕ್ಕೆ ಅಂದರೆ ಸ್ಲಿಪ್ ಹೊಲಿಗೆ. ಟೋಪಿ ಇಟ್ಟ ನೆಟ್ಟನೆಯ ಗೀಟು ಅಂದರೆ ಕಂಬದ ಹೊಲಿಗೆ. ಕಂಬದ ಮೈಮೇಲೆ ಒಂದು ಓರೆಗೀಟಿದ್ದರೆ ಕಡ್ಡಿಗೆ ನೂಲು ಒಮ್ಮೆ ಸುತ್ತಿ ಒಳಗೆ ಹಾಕಬೇಕು, ಎರಡಿದ್ದರೆ ಎರಡು ಸಲ. ಎರಡು ಕಂಬಗಳ ಬುಡ ಒಂದೇ ಕಡೆ ಕೂಡಿದ್ದರೆ ಎರಡನ್ನೂ ಒಂದೇ ತೂತಿನಲ್ಲಿ ಹಾಕಬೇಕು, ಸುತ್ತು ಹಿಗ್ಗುತ್ತದೆ. ತಲೆ ಕೂಡಿದ್ದರೆ ಎರಡನ್ನೂ ಸೇರಿಸಿ ಮುಚ್ಚಬೇಕು, ಕುಗ್ಗುತ್ತದೆ. ವಿಡಿಯೋ ನೋಡಿ ಕಲಿಯುವವರಿಗೆ ಇದರ ಬೆಲೆ ಗೊತ್ತು. ಅಮೆರಿಕದವರು ಸಿಂಗಲ್ ಅನ್ನುವ ಹೊಲಿಗೆಯನ್ನೇ ಬ್ರಿಟನ್ನಿನವರು ಡಬಲ್ ಅನ್ನುತ್ತಾರೆ, ಚಿತ್ರ ಮಾತ್ರ ಇಬ್ಬರಿಗೂ ಒಂದೇ.

ಆಯಿ ಹಾಳೆಯನ್ನು ನೆಲದ ಮೇಲೆ ಹಾಸಿ, ನಡುವಿನಿಂದ ಹೊರಕ್ಕೆ, ಒಂದೊಂದು ಕಂಬದ ಬುಡಕ್ಕೂ ಉಗುರು ಇಡುತ್ತ ಬಂದರು. ಮೊದಲ ಸುತ್ತಿಗೆ 12. ಎರಡನೆಯದರಲ್ಲಿ ಎಲ್ಲವೂ ಜೋಡಿ, 24. "ಮೂರನ್ಯಾದ್ರಾಗ ಜೋಡಿ ಎಲ್ಲೆವ?" ಮ್ಯಾಟು ಚಪ್ಪಟೆ ಕೂರಬೇಕಾದರೆ ಒಂದು ಬಿಟ್ಟು ಒಂದಕ್ಕೆ ಜೋಡಿ ಬಂದು ಅಲ್ಲಿ 36 ಆಗಬೇಕು. ಕೈಯಿಂದ ನಕಲು ಮಾಡಿ ಝೆರಾಕ್ಸ್ ತೆಗೆದ ಆ ಹಾಳೆಯಲ್ಲಿ ಎಲ್ಲ ಕಂಬವೂ ಒಂಟಿ, ಮತ್ತೆ 24. ಅಂಚು ಮೇಲೇಳದೆ ಏನು ಮಾಡೀತು?

ಅಕ್ಕೋರು "ಹೌದಲ್ಲ, ಹೊಂದಿಸಿಕೊಂಡು ಹಾಕ್ರಿ" ಅಂದು ಮುಂದಿನ ಹೂವಿಗೆ ಹೋದರು. ನನಗೆ ಹೋಗಲಾಗಲಿಲ್ಲ. ಅಕ್ಕೋರು ಒಳ್ಳೆಯ ಮನಸ್ಸಿನವರು, ಫೀಸು ಕೊಡಲಾಗದವರನ್ನೂ ಕೂರಿಸಿಕೊಳ್ಳುತ್ತಾರೆ. ಆದರೆ ಅಷ್ಟು ಜನರ ಮ್ಯಾಟು ಒಂದೇ ಸುತ್ತಿನಲ್ಲಿ, ಒಂದೇ ರೀತಿ ಕೆಟ್ಟಾಗ ಹಾಳೆಯನ್ನು ಒಮ್ಮೆ ನೋಡಬೇಕಿತ್ತು. ಎಲ್ಲರ ಕೈಯೂ ಒಂದೇ ಜಾಗದಲ್ಲಿ ಬಿಗಿಯಾಗುವುದುಂಟೇ?

ಡಿಗ್ರಿ ಮುಗಿಸಿದವರು ಅಲ್ಲಿ ಐದಾರು ಮಂದಿ ಇದ್ದೆವು, ಚಿಹ್ನೆಗಳೂ ಬರುತ್ತಿದ್ದವು. ಆದರೂ ಎಲ್ಲರೂ ನೋಡಿದ್ದು ಕೈಯನ್ನೇ. ನಮ್ಮ ಮನೆಗಳಲ್ಲಿ ರೊಟ್ಟಿ ಹರಿದರೆ ಹಿಟ್ಟು ಹಳೆಯದಾಗಿ ಜಿಗಿ ಹೋಗಿದೆಯೇ ಅಂತ ಯಾರೂ ನೋಡುವುದಿಲ್ಲ, ಸೊಸೆಯ ಕೈ ಸರಿಯಿಲ್ಲ ಅನ್ನುತ್ತಾರೆ. ಕೇಳಿ ಕೇಳಿ ಆ ಸೊಸೆಯೂ ತನ್ನ ಕೈಯನ್ನೇ ಬೈದುಕೊಳ್ಳುತ್ತಾಳೆ. ನನ್ನ ಅಮ್ಮ ಹಾಗೆ ಬೈದುಕೊಂಡದ್ದನ್ನು ಎಷ್ಟೋ ಸಲ ಕೇಳಿದ್ದೇನೆ.

"ನಿಮಗ ಹೆಂಗ ಗೊತ್ತಾತು?" ಅಂತ ಹೊರಗೆ ಬರುವಾಗ ಆಯಿಯನ್ನು ಕೇಳಿದೆ. "ಖಣದ ಮಗ್ಗದಾಗ ಹಾಸಿನ ಒಂದ್ ಎಳಿ ತಪ್ಪಿದ್ರ ಕಡೀತನಾ ಗೀಟು ಕಾಣ್ತೈತಿ. ಹಂಗ ಸಾಲಾಗಿ ಬಂದ್ರ ನೇಯೋರ್ನ ಬೈಯಂಗಿಲ್ಲವ್ವಾ, ಮಗ್ಗ ನೋಡ್ತೀವಿ." ಇದನ್ನು ಅವರು ದೊಡ್ಡ ಮಾತೆಂದು ಹೇಳಲಿಲ್ಲ. ಹುಡುಗಿಯಾಗಿದ್ದಾಗ ಕಡಿದ ಎಳೆ ಹುಡುಕಿ ಗಂಟು ಹಾಕುವ ಕೆಲಸ ಅವರದೇ ಆಗಿತ್ತಂತೆ.

ನನ್ನ ಸಿಟ್ಟು ಇನ್ನೂ ಇಳಿಯದಿರುವುದಕ್ಕೆ ಕಾರಣ ಬೇರೆ. ಹೋದ ತಿಂಗಳು ಇಬ್ಬರು ಹುಡುಗಿಯರು "ನಮಗ ಬರಂಗಿಲ್ಲ" ಅಂದು ಕ್ಲಾಸು ಬಿಟ್ಟರು, ಇದೇ ಮ್ಯಾಟಿನ ಇದೇ ಸುತ್ತಿಗೆ. ಶನಿವಾರ ಆ ಚಾರ್ಟನ್ನು ಹೊಸದಾಗಿ ಬರೆದೆ. ಮೂರನೇ ಸುತ್ತಿನ ಜೋಡಿಗಳಿಗೆ ಕೆಂಪು ಶಾಯಿ. ಆಯಿ ಬುಡ ಎಣಿಸಿ ಒಪ್ಪಿದ ಮೇಲೆ ಇಬ್ಬರ ಮನೆಗೂ ಒಯ್ದು ಕೊಟ್ಟೆ. ಒಬ್ಬಳು ನಿಂತಲ್ಲೇ ಓದಿ, ಒಳಗಿಂದ ಕಡ್ಡಿ ತಂದಳು. ಇನ್ನೊಬ್ಬಳು ನೂಲನ್ನೆಲ್ಲ ತಂಗಿಗೆ ಕೊಟ್ಟುಬಿಟ್ಟಿದ್ದಾಳೆ. ಹಾಳೆ ಮಾತ್ರ ಇಟ್ಟುಕೊಂಡಳು.