ಎರಡು ಸಾಲುಗಳ ನಡುವಿನ ಜಾಗ

ಆ ಕಂಪ್ಯೂಟರ್ ಮಾಡೆಲ್ ನನ್ನ ಕೈಗೆ ಬಂದಾಗ ನೀರಿನ ಸ್ನಿಗ್ಧತೆಗೆ, ಅಂದರೆ ಹರಿಯಲು ಅದು ಒಡ್ಡುವ ತಡೆಗೆ, ಬರೆದಿದ್ದ ಎಕ್ಸ್‌ಪ್ರೆಶನ್ (ಸೂತ್ರ) ಪರದೆಯ ಅಗಲಕ್ಕೆ ಹಿಡಿಸುತ್ತಿರಲಿಲ್ಲ. ಒಂದು ಇಫ್ (ಹೀಗಿದ್ದರೆ ಎಂಬ ಷರತ್ತು) ಒಳಗೆ ಇನ್ನೊಂದು ಇಫ್, ಅದರೊಳಗೆ ಮತ್ತೊಂದು. ಉಷ್ಣಾಂಶ 20ಕ್ಕಿಂತ ಕಡಿಮೆಯಿದ್ದರೆ ಇಷ್ಟು, 40ಕ್ಕಿಂತ ಕಡಿಮೆಯಿದ್ದರೆ ಅಷ್ಟು, ಹೀಗೆ 100ರವರೆಗೆ. ಎಲೆಕ್ಟ್ರಾನಿಕ್ ಭಾಗಗಳ ಬಿಸಿ ಹೀರುವ ಲೋಹದ ಪ್ಲೇಟು, ಅದರೊಳಗಿನ ಕಿರಿದಾದ ಕಾಲುವೆಗಳಲ್ಲಿ ಹರಿಯುವ ನೀರು, ಮಾಡೆಲ್ ಅಷ್ಟೇ. ಆದರೆ ನೀರು 40 ಡಿಗ್ರಿ ದಾಟುವ ಹೊತ್ತಿಗೆ ಸಾಲ್ವರ್ (ಮಾಡೆಲ್‌ನ ಸಮೀಕರಣ ಬಿಡಿಸುವ ಪ್ರೋಗ್ರಾಂ) ತನ್ನ ಹೆಜ್ಜೆಯನ್ನು ಚಿಕ್ಕದು ಮಾಡುತ್ತ ಮಾಡುತ್ತ ಅಲ್ಲೇ ತೆವಳತೊಡಗುತ್ತಿತ್ತು. ಸ್ನಿಗ್ಧತೆ ಆ ಜಾಗದಲ್ಲಿ ಒಮ್ಮೆಲೇ ಕೆಳಕ್ಕೆ ಜಿಗಿಯುತ್ತಿತ್ತು. ನಿಜವಾದ ನೀರು ಹಾಗೆ ಜಿಗಿಯುವುದಿಲ್ಲ.

ಇಫ್‌ಗಳನ್ನೆಲ್ಲ ತೆಗೆದು ಒಂದು ಟೇಬಲ್ ಹಾಕಿದೆ. ಮಿಲಿಪ್ಯಾಸ್ಕಲ್-ಸೆಕೆಂಡಿನಲ್ಲಿ 0 ಡಿಗ್ರಿಗೆ 1.792, 20ಕ್ಕೆ 1.002, 40ಕ್ಕೆ 0.653, 60ಕ್ಕೆ 0.467, 80ಕ್ಕೆ 0.354, 100ಕ್ಕೆ 0.282. ಎಕ್ಸ್‌ಪ್ರೆಶನ್‌ನಲ್ಲಿ ಈಗ ಲುಕಪ್ (ಟೇಬಲ್‌ನಿಂದ ಬೆಲೆ ಹುಡುಕಿಕೊಡುವ) ಫಂಕ್ಷನ್ನಿನ ಹೆಸರು, ಕಂಸದೊಳಗೆ ಉಷ್ಣಾಂಶ. ರನ್ ಸರಾಗವಾಗಿ ಓಡಿತು.

ಪಕ್ಕದಲ್ಲಿ ಕೂತು ನೋಡುತ್ತಿದ್ದ ಕಿರಿಯ ಎಂಜಿನಿಯರ್ ಕೇಳಿದ: "ಟೇಬಲ್ ಹಾಕಿದ ಮೇಲೆ ಮುಗೀತಲ್ವಾ ಸರ್?"

ಮುಗಿದಿರಲಿಲ್ಲ. ಆರು ಸಾಲುಗಳಲ್ಲಿ ಇರುವುದು ಅಳತೆಯ ಸಂಖ್ಯೆ. ಉಳಿದ ಎಲ್ಲ ಉಷ್ಣಾಂಶಗಳಲ್ಲೂ ಉತ್ತರ ಕೊಡುವುದು ಇಂಟರ್ಪೊಲೇಶನ್ (ಇಲ್ಲಿ ಅಕ್ಕಪಕ್ಕದ ಎರಡು ಸಾಲುಗಳ ನಡುವೆ ಎಳೆದ ನೇರಗೆರೆ), ಅಂದರೆ ನಮ್ಮ ಊಹೆ. ಆ ಊಹೆ ಎಷ್ಟು ಒಳ್ಳೆಯದು ಎಂದು ತಿಳಿಯಲು ನನಗೆ ಇಷ್ಟವಾದ ಪರೀಕ್ಷೆ ಒಂದಿದೆ: ಟೇಬಲ್‌ನಿಂದ ಒಂದು ಸಾಲನ್ನು ಕಿತ್ತು, ಅದೇ ಉಷ್ಣಾಂಶಕ್ಕೆ ಉತ್ತರ ಕೇಳುವುದು. ಅವನ ಕೈಯಲ್ಲೇ ಮಾಡಿಸಿದೆ. 60ರ ಸಾಲು ತೆಗೆದಾಗ ನೇರಗೆರೆಯ ಉತ್ತರ 0.504 ಬಂತು, ಇರಬೇಕಾದದ್ದಕ್ಕಿಂತ ಶೇ. 8 ಹೆಚ್ಚು. 20ರ ಸಾಲು ತೆಗೆದಾಗ 1.22, ಅಂದರೆ ಶೇ. 22 ಹೆಚ್ಚು. ತಣ್ಣನೆಯ ತುದಿಯಲ್ಲಿ ಸ್ನಿಗ್ಧತೆಯ ಗೆರೆ ಜೋರಾಗಿ ಬಾಗುವುದರಿಂದ ಅಲ್ಲಿ ಪೆಟ್ಟು ದೊಡ್ಡದು. ಸಾಲನ್ನು ವಾಪಸ್ ಹಾಕಿದಾಗ ಸಾಲುಗಳ ನಡುವಿನ ಅಂತರ ಅರ್ಧವಾಗುತ್ತದೆ, ತಪ್ಪು ಸುಮಾರು ಕಾಲು ಭಾಗಕ್ಕೆ ಇಳಿಯುತ್ತದೆ. ಆದರೂ 10 ಡಿಗ್ರಿಯ ಆಸುಪಾಸಿನಲ್ಲಿ ಶೇ. 5ರಷ್ಟಾದರೂ ಉಳಿದೇ ಉಳಿಯುತ್ತದೆ. ಕಿರಿದಾದ ಕಾಲುವೆಯ ಲ್ಯಾಮಿನಾರ್ (ಪದರಪದರವಾಗಿ ಸಾಗುವ) ಹರಿವಿನಲ್ಲಿ ಒತ್ತಡದ ಇಳಿತ ಸ್ನಿಗ್ಧತೆಗೆ ನೇರ ಅನುಪಾತದಲ್ಲಿರುವುದರಿಂದ ಅಷ್ಟೂ ತಪ್ಪು ಫಲಿತಾಂಶಕ್ಕೆ ಬಂದು ಕೂರುತ್ತದೆ.

ಇದಕ್ಕೆ ಸುಲಭದ ಮದ್ದು ಲಾಗರಿದಮ್; ಲಾಗ್ ತೆಗೆದರೆ ಆ ಬಾಗಿದ ಗೆರೆ ಹೆಚ್ಚು ನೇರವಾಗುತ್ತದೆ. ಟೇಬಲ್‌ನಲ್ಲಿ ಸ್ನಿಗ್ಧತೆಯ ಬದಲು ಅದರ ಲಾಗ್ ಬರೆದು, ಎಕ್ಸ್‌ಪ್ರೆಶನ್‌ನಲ್ಲಿ ಲುಕಪ್ ಫಂಕ್ಷನ್ನಿಗೆ, ಲಾಗ್ ಅನ್ನು ಮತ್ತೆ ಮೂಲ ಸಂಖ್ಯೆಗೆ ತಿರುಗಿಸುವ ಎಕ್ಸ್‌ಪೊನೆನ್ಶಿಯಲ್ ಸುತ್ತಿದೆವು. ಅದೇ ಆರು ಸಾಲು, ಅದೇ ಪರೀಕ್ಷೆ: ಶೇ. 8 ಇದ್ದದ್ದು 3ಕ್ಕೆ, 22 ಇದ್ದದ್ದು 8ಕ್ಕೆ ಇಳಿಯಿತು. ಹೊಸದಾಗಿ ಒಂದು ಅಳತೆಯೂ ಬೇಕಾಗಲಿಲ್ಲ. ಸಂಖ್ಯೆಗಳನ್ನು ನೋಡಿ ಅವನ ಮುಖ ಅರಳಿದ್ದು ನನಗೂ ಖುಷಿ ಕೊಟ್ಟಿತು.

ನೇರಗೆರೆಯ ಬದಲು ಸ್ಪ್ಲೈನ್ (ಅಳತೆಯ ಬಿಂದುಗಳ ಮೂಲಕ ಹಾಯುವ ನಯವಾದ ಬಾಗುಗೆರೆ) ಯಾಕೆ ಬೇಡ ಎಂದೂ ಕೇಳಿದ. ಸ್ನಿಗ್ಧತೆಯಂಥ ನಯವಾದ ಗೆರೆಗೆ ಅದೂ ಸರಿಯೇ. ಚೂಪು ತಿರುವಿರುವ ದತ್ತಾಂಶದಲ್ಲಿ ಮಾತ್ರ ಕ್ಯೂಬಿಕ್ ಸ್ಪ್ಲೈನ್ ಅಳತೆಯಲ್ಲಿಲ್ಲದ ಏರಿಳಿತಗಳನ್ನು ತಾನೇ ಹುಟ್ಟಿಸುತ್ತದೆ. ಅಂಥ ಕಡೆಗೆಂದೇ 1970ರಲ್ಲಿ ಅಕಿಮಾ, 1980ರಲ್ಲಿ ಫ್ರಿಟ್ಷ್ ಮತ್ತು ಕಾರ್ಲ್ಸನ್ ಬೇರೆ ದಾರಿಗಳನ್ನು ಕೊಟ್ಟರು.

ಇದಕ್ಕಿಂತ ನನಗೆ ಹೆಚ್ಚು ಆತಂಕವಿರುವುದು ಟೇಬಲ್‌ನ ಎರಡು ತುದಿಗಳ ಬಗ್ಗೆ. ಕೊನೆಯ ಸಾಲಿನಾಚೆ ಕೇಳಿದರೆ ಏನು ಸಿಗುತ್ತದೆ? ನಾವು ಏನೂ ಹೇಳದೆ ಬಿಟ್ಟರೆ ಲೆಕ್ಕದ ತಂತ್ರಾಂಶ ಮ್ಯಾಟ್‌ಲ್ಯಾಬ್‌ನ ಇಂಟರ್ಪ್1 ಫಂಕ್ಷನ್ 'ಸಂಖ್ಯೆಯಲ್ಲ' ಎನ್ನುತ್ತದೆ. ಪೈಥಾನ್‌ನ ನಂಪೈ ಲೈಬ್ರರಿ ಕೊನೆಯ ಬೆಲೆಯನ್ನೇ ಮತ್ತೆ ಮತ್ತೆ ಕೊಡುತ್ತದೆ. ಮ್ಯಾಟ್‌ಲ್ಯಾಬ್‌ನ ಜೊತೆಗಾರ ಸಿಮ್ಯುಲಿಂಕ್‌ನ ಲುಕಪ್ ಬ್ಲಾಕ್ ಕೊನೆಯ ಗೆರೆಯನ್ನು ಹಾಗೇ ಮುಂದಕ್ಕೆ ಎಳೆಯುತ್ತದೆ. ಎಕ್ಸೆಲ್‌ನ ವಿಲುಕಪ್ ಅಂತೂ ಸಾಲುಗಳ ನಡುವೆಯೂ ಅದಕ್ಕಿಂತ ಕಡಿಮೆ ಉಷ್ಣಾಂಶದ ಹತ್ತಿರದ ಸಾಲಿನ ಬೆಲೆಯನ್ನೇ ಎತ್ತಿಕೊಡುತ್ತದೆ. ಒಂದೇ ಟೇಬಲ್, ನಾಲ್ಕು ಬಗೆಯ ನಡವಳಿಕೆ.

ನಮ್ಮ ಸಾಲ್ವರ್ ಉಷ್ಣಾಂಶವನ್ನು ಕೆಲ್ವಿನ್‌ನಲ್ಲಿ ಇಟ್ಟುಕೊಳ್ಳುತ್ತದೆ, ಟೇಬಲ್ ಇರುವುದು ಸೆಲ್ಸಿಯಸ್‌ನಲ್ಲಿ. 273.15 ಕಳೆಯದೆ ಕೇಳಿದರೆ 60 ಡಿಗ್ರಿಯ ನೀರು 333 ಆಗಿ ಟೇಬಲ್‌ನಾಚೆ ಬೀಳುತ್ತದೆ. ಕೊನೆಯ ಬೆಲೆಯನ್ನೇ ಕೊಡುವ ಲುಕಪ್ ಆಗ 0.282 ಎನ್ನುತ್ತದೆ. ನಿಜಕ್ಕಿಂತ ಶೇ. 40 ಕಡಿಮೆ, ಆದರೂ ನೀರಿಗೆ ಒಪ್ಪುವಂಥದ್ದೇ ಸಂಖ್ಯೆ, ಯಾರಿಗೂ ಅನುಮಾನ ಬರುವುದಿಲ್ಲ. ಲಾಗ್ ಇಲ್ಲದ ಟೇಬಲ್‌ನಲ್ಲಿ ಗೆರೆ ಮುಂದಕ್ಕೆಳೆಯುವ ಲುಕಪ್ ಆಗಿದ್ದರೆ ಸ್ನಿಗ್ಧತೆ ಸೊನ್ನೆಗಿಂತ ಕೆಳಗಿಳಿದು ರನ್ ಕುಸಿಯುತ್ತದೆ. ಎರಡರಲ್ಲಿ ಕುಸಿಯುವುದೇ ವಾಸಿ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಹಾಗಾಗಿ 273.15 ಕಳೆಯುವುದನ್ನು ಎಕ್ಸ್‌ಪ್ರೆಶನ್‌ನಲ್ಲೇ ಬರೆದು, ಉಷ್ಣಾಂಶ 0ಯಿಂದ 100ರ ಹೊರಗೆ ಹೋದರೆ ರನ್ ನಿಲ್ಲುವಂತೆ ಷರತ್ತು ಹಾಕಿದೆವು.

ಮುಂದಿನ ಕೆಲಸ ಗ್ಲೈಕಾಲ್ (ನೀರು ಹೆಪ್ಪುಗಟ್ಟದಂತೆ ಸೇರಿಸುವ ದ್ರವ) ಬೆರೆಸಿದ ನೀರಿನದು. ಅಲ್ಲಿ ಉಷ್ಣಾಂಶದ ಜೊತೆಗೆ ಗ್ಲೈಕಾಲ್‌ನ ಪ್ರಮಾಣವೂ ಸೇರಿ ಟೇಬಲ್‌ಗೆ ಎರಡು ದಿಕ್ಕು. ಆ ಟೇಬಲ್ ಅವನೇ ಕಟ್ಟುತ್ತಿದ್ದಾನೆ, ಮೊದಲು ಅಡ್ಡಸಾಲು ಕಿತ್ತು ನೋಡುವುದೋ ಕಂಬಸಾಲೋ ಎಂದು ಆಗಲೇ ಕೇಳಿದ್ದಾನೆ.